ದಿನ ಬಿಟ್ಟು ದಿನದ ವ್ರತ

ಕಳೆದ ವಾರ ಅಟ್ಟದ ಮೇಲಿನ ಸಾಮಾನು ಇಳಿಸುವಾಗ ಒಂದು ರಟ್ಟಿನ ಪೆಟ್ಟಿಗೆ ಸಿಕ್ಕಿತು. ಒಳಗೆ ಹದಿನಾಲ್ಕು ಕ್ಯಾಸೆಟ್ಟುಗಳು. ಎಲ್ಲವೂ ದೇವರನಾಮ, ಭಜನೆ, ಸ್ತೋತ್ರ. ಮಗಳು ಒಂದೊಂದನ್ನೇ ಒರೆಸಿ ನೋಡಿ, ಎಲ್ಲದರಲ್ಲೂ ಮೊದಲನೆಯ ಬದಿಯ ಅಕ್ಷರ ಅಳಿಸಿಹೋಗಿದೆ, ಎರಡನೆಯ ಬದಿ ಅಂಗಡಿಯಿಂದ ತಂದ ಹಾಗೇ ಇದೆ, ಯಾಕೆ ಎಂದು ಕೇಳಿದಳು. ಅವಳಿಗೆ ಅದಕ್ಕಿಂತ ದೊಡ್ಡ ಅನುಮಾನ ಇನ್ನೊಂದಿತ್ತು. ದೇವಸ್ಥಾನಕ್ಕೆ ಹೋದರೆ ಪ್ರಸಾದದ ಸಾಲಿನಲ್ಲಿ ಮಾತ್ರ ಕಾಣಿಸಿಕೊಳ್ಳುವ ಅಪ್ಪನ ಮನೆಗೆ ಇಷ್ಟೊಂದು ಭಕ್ತಿ ಎಲ್ಲಿಂದ ಬಂತು? ಅದೆಲ್ಲ ನಿನ್ನ ತಾತನದು ಎಂದು ಹೇಳಿ ಕೈ ತೊಳೆದುಕೊಂಡೆ. ತೀರಿಕೊಂಡವರ ಮೇಲೆ ಹಾಕಿದರೆ ಮರುಪ್ರಶ್ನೆ ಬರುವುದಿಲ್ಲ. ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು. ಒಂದೇ ಬದಿ ಸವೆದದ್ದಕ್ಕೆ ಕಾರಣ, ನಮ್ಮ ರಸ್ತೆಗೆ ಕಾವೇರಿ ನೀರು ಬರುತ್ತಿದ್ದದ್ದು ಅರ್ಧ ಗಂಟೆ ಮಾತ್ರ.

ಹೊಸ ಶತಮಾನ ಶುರುವಾಗಿ ಎರಡು ಮೂರು ವರ್ಷವಾಗಿದ್ದ ಕಾಲ. ಬಸವೇಶ್ವರನಗರದ ಒಂದು ಅಡ್ಡರಸ್ತೆ, ಒಟ್ಟು ಹನ್ನೊಂದು ಮನೆ. ಅದರಲ್ಲಿ ಒಂದಕ್ಕೆ ಸದಾ ಬೀಗ. ರಸ್ತೆ ಕೆಳಗಿನಿಂದ ಮೇಲಕ್ಕೆ ಸ್ವಲ್ಪ ಏರು. ನೀರಿನ ಕೊಳವೆ ಕೆಳಗಡೆಯಿಂದ ಬರುತ್ತಿದ್ದದ್ದರಿಂದ ಕೆಳಗಿನವರಿಗೆ ಮೊದಲು, ಮೇಲಿನವರಿಗೆ ಕೊನೆಗೆ. ದಿನ ಬಿಟ್ಟು ದಿನ, ಬೆಳಗ್ಗೆ ಆರು ಗಂಟೆಗೆ ಸರಿಯಾಗಿ ನೀರು. ಊರಿಗೆಲ್ಲ ಸೋಮವಾರ, ಮಂಗಳವಾರ ಇದ್ದರೆ ನಮಗೆ ನೀರಿರುವ ದಿನ, ನೀರಿಲ್ಲದ ದಿನ ಎಂದು ಎರಡೇ ವಾರ. ಮಗಳ ಕಿವಿ ಚುಚ್ಚಿಸುವ ಶಾಸ್ತ್ರಕ್ಕೆ ಪುರೋಹಿತರು ಒಳ್ಳೆಯ ಮುಹೂರ್ತ ಕೊಟ್ಟರೆ, ನನ್ನ ಹೆಂಡತಿ ಗಿರಿಜ ಅಂದು ನೀರಿಲ್ಲ ಎಂದು ಹೇಳಿ ಮುಹೂರ್ತವನ್ನೇ ಮುಂದಕ್ಕೆ ಹಾಕಿಸಿದ್ದಳು. ಪುರೋಹಿತರೂ ಅದೇ ಬಡಾವಣೆಯವರಾದ್ದರಿಂದ ಏನೂ ಅನ್ನಲಿಲ್ಲ.

ಆ ವರ್ಷ ಬೇಸಿಗೆ ಜೋರಾಗಿ, ನೀರಿನ ರಭಸ ಇಳಿಯಿತು. ನನ್ನ ಅಪ್ಪ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಯಂತ್ರಗಳ ಜೊತೆ ಬದುಕಿ ನಿವೃತ್ತರಾದವರು. ಸುಮ್ಮನೆ ಕೂರುವುದು ಅವರ ಜಾಯಮಾನವಲ್ಲ. ನೀರು ತಾನಾಗಿ ನೆಲದಡಿಯ ಸಂಪಿಗೆ ಬಂದು ತುಂಬಲಿ ಎಂದು ಕಾಯುವ ಬದಲು ಬೀದಿಯ ಕೊಳವೆಗೇ ಮೋಟರು ಕಟ್ಟಿ ಎಳೆದುಕೊಂಡರೆ ಹೇಗೆ ಎಂದು ಅವರಿಗೆ ಹೊಳೆಯಿತು. ಹಾಗೆ ಮಾಡುವುದು ಕಾನೂನಿಗೆ ವಿರುದ್ಧ, ಮೇಲಿನವರಿಗೆ ನೀರು ಹೋಗುವುದಿಲ್ಲ ಎಂದು ನಾನು ಒಂದು ಸಲ ಹೇಳಿದೆ. ಒಂದೇ ಸಲ ಹೇಳಿದೆ, ಅದೂ ಮೆಲ್ಲಗೆ, ಏಕೆಂದರೆ ಆ ಹೊತ್ತಿಗೆ ನಾನು ಸ್ನಾನ ಮಾಡಿ ಎರಡು ದಿನವಾಗಿತ್ತು. ಅಪ್ಪ ಹೇಳಿದ್ದು ನೆನಪಿದೆ: "ಎಲ್ಲರೂ ನೀರು ತಗೊಳ್ತಾರೆ ಕಣೋ. ನಾವು ಸ್ವಲ್ಪ ಬೇಗ ತಗೊಳ್ತೀವಿ, ಅಷ್ಟೆ."

ಮೋಟರು ಕೂರಿಸಲು ಬಂದವನು ಈರಣ್ಣ. ಗದಗದ ಕಡೆಯಿಂದ ಬಂದು ನಮ್ಮ ಬಡಾವಣೆಯ ನಲ್ಲಿಗಳನ್ನೆಲ್ಲ ಕೈವಶ ಮಾಡಿಕೊಂಡಿದ್ದ ಪ್ಲಂಬರ್. ಕೆಲಸ ಮುಗಿಸಿ ಕೈ ಒರೆಸಿಕೊಂಡು, ಗೇಟಿನ ಆಚೆ ಈಚೆ ನೋಡಿ, ದನಿ ತಗ್ಗಿಸಿ ಹೇಳಿದ: "ಈ ರೋಡಿನಾಗ ನಿಮ್ದೊಂದ ನೋಡ್ರಿ ಸಾಹೇಬ್ರ. ಮತ್ಯಾರಿಗೂ ಹಾಕಿಲ್ಲ, ಹಾಕೂದೂ ಇಲ್ಲ." ನನಗೆ ಆ ಮಾತಿನಿಂದ ಹೆಮ್ಮೆಯೂ ಆಯಿತು, ನಾಚಿಕೆಯೂ ಆಯಿತು.

ಮೋಟರನ್ನು ಬಚ್ಚಿಡಲು ಅಪ್ಪ ಕಾಂಪೌಂಡಿನ ಮೂಲೆಯಲ್ಲಿ ಒಂದು ನಾಯಿಗೂಡು ಕಟ್ಟಿಸಿದರು. ನಮಗೆ ನಾಯಿ ಇರಲಿಲ್ಲ. ಅನುಮಾನ ಬಾರದಿರಲಿ ಎಂದು ಗೇಟಿಗೆ "ನಾಯಿ ಇದೆ, ಎಚ್ಚರಿಕೆ" ಎಂಬ ಬೋರ್ಡು ಬಂತು. ಗೂಡಿನ ಮುಂದೆ ಒಂದು ಸ್ಟೀಲಿನ ತಟ್ಟೆ ಬಂತು. ಅಪ್ಪ ಅದರಲ್ಲಿ ದಿನವೂ ಒಂದಿಷ್ಟು ಅನ್ನ ಹಾಕಿ, ಕಾಗೆ ತಿಂದ ಮೇಲೆ ತೊಳೆದಿಡುತ್ತಿದ್ದರು. ಅಂಚೆಯವನು ಆ ವರ್ಷದಿಂದ ಕಾಗದಗಳನ್ನು ಗೇಟಿನ ಹೊರಗಿನಿಂದಲೇ ಎಸೆಯತೊಡಗಿದ. ನನ್ನ ವಿಮೆ ಆಫೀಸಿನ ಗೆಳೆಯರು ಬಂದಾಗ ನಾಯಿ ಎಲ್ಲಿ ಎಂದು ಕೇಳಿದರೆ ಮಲಗಿದೆ ಎನ್ನುತ್ತಿದ್ದೆವು.

ಉಳಿದದ್ದು ಸದ್ದಿನ ಸಮಸ್ಯೆ. ಮೋಟರು ಓಡುವಾಗ ಗುಂಯ್ ಎಂದು ಎರಡು ಮನೆಯಾಚೆಗೂ ಕೇಳುತ್ತಿತ್ತು. ಅದಕ್ಕೂ ಅಪ್ಪನೇ ಪರಿಹಾರ ಕಂಡುಕೊಂಡರು. ಆರಕ್ಕೆ ಐದು ನಿಮಿಷ ಇರುವಾಗ ಟೇಪ್‌ರೆಕಾರ್ಡರನ್ನು ಕಿಟಕಿಯಲ್ಲಿ ರಸ್ತೆಗೆ ಮುಖ ಮಾಡಿ ಇಟ್ಟು, ದೇವರನಾಮದ ಕ್ಯಾಸೆಟ್ ಹಾಕಿ, ದನಿಯನ್ನು ಪೂರ್ತಿ ಏರಿಸುವುದು. ಬೆಳಗಿನ ಹೊತ್ತು ದೇವರ ಹಾಡು ಹಾಕಿದರೆ ಬೆಂಗಳೂರಿನಲ್ಲಿ ಯಾರು ತಾನೇ ಆಕ್ಷೇಪಿಸುತ್ತಾರೆ? ಒಂದು ಬದಿ ಮುಗಿಯುವ ಹೊತ್ತಿಗೆ ನೀರೂ ನಿಲ್ಲುತ್ತಿತ್ತು.

ಈಗ ನಾನು ಎಂಥ ಬುದ್ಧಿವಂತ ಎಂದು ನಿಮಗೆ ಗೊತ್ತಾಗುತ್ತದೆ. ಎರಡು ವಾರ ಕಳೆದಿರಬೇಕು, ಎದುರು ಮನೆಯಲ್ಲೂ ಬೆಳಗ್ಗೆ ಆರಕ್ಕೆ ಭಜನೆ ಶುರುವಾಯಿತು. ಎದುರು ಮನೆ ನಂಜುಂಡಪ್ಪನವರದು. ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು, ದೇವರಿದ್ದರೆ ಪ್ರಯೋಗಾಲಯಕ್ಕೆ ಬಂದು ತೋರಿಸಲಿ ಎಂದು ಗಣೇಶನ ಚಂದಾ ಕೇಳಲು ಬಂದವರನ್ನು ಗೇಟಿನಲ್ಲೇ ನಿಲ್ಲಿಸಿ ಅರ್ಧ ಗಂಟೆ ಪಾಠ ಮಾಡುತ್ತಿದ್ದ ವಿಚಾರವಾದಿ. ಅಂಥವರ ಮನೆಯಲ್ಲಿ ಭಜನೆ. ಅದು ಸಾಲದೆಂದು ಅವರು ಅಂಗಳದಲ್ಲಿ ಒಂದು ತುಳಸಿಕಟ್ಟೆಯನ್ನೂ ಕಟ್ಟಿಸಿದರು. ಎದೆಯೆತ್ತರದ, ಇಬ್ಬರು ಆರಾಮವಾಗಿ ಒಳಗೆ ಕೂರಬಹುದಾದಷ್ಟು ಅಗಲದ ಕಟ್ಟೆ, ಪಕ್ಕಕ್ಕೊಂದು ಪುಟ್ಟ ಕಬ್ಬಿಣದ ಬಾಗಿಲು. ಮೇಲೆ ಬಡಕಲು ತುಳಸಿ ಗಿಡ. ಆಮೇಲೆ ಪಕ್ಕದ ಮನೆ, ಅದರ ಪಕ್ಕದ ಮನೆ. ಬೇಸಿಗೆ ಮುಗಿಯುವುದರೊಳಗೆ ನೀರಿನ ದಿನ ಬೆಳಗ್ಗೆ ಇಡೀ ರಸ್ತೆಯಲ್ಲಿ ಒಂಬತ್ತು ದೇವರುಗಳು ಏಕಕಾಲಕ್ಕೆ ಏಳುತ್ತಿದ್ದರು. ನಾನು ಇದನ್ನು ನೋಡಿ ಏನು ತಿಳಿದುಕೊಂಡೆ ಹೇಳಿ? ನಮ್ಮ ಮನೆಯನ್ನು ನೋಡಿ ರಸ್ತೆಯೇ ಸನ್ಮಾರ್ಗಕ್ಕೆ ಬಂತು ಎಂದುಕೊಂಡೆ. ಮೋಟರಿನ ಪಾಪ ಈ ಪುಣ್ಯದಲ್ಲಿ ವಜಾ ಆಗಬಹುದೆಂದು ಒಳಗೊಳಗೇ ಸಮಾಧಾನವನ್ನೂ ಪಟ್ಟುಕೊಂಡೆ.

ರಸ್ತೆಯ ಮೇಲಿನ ತುದಿಯಲ್ಲಿ ಕೊನೆಯ ಮನೆ ದಯಾಮಣಿ ಟೀಚರದು. ಕನ್ನಡ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾಗಿದ್ದ ಕ್ರೈಸ್ತ ಹೆಂಗಸು, ಮದುವೆಯಾಗಿರಲಿಲ್ಲ, ಒಬ್ಬರೇ ಇದ್ದರು. ಅವರ ತಮ್ಮ ಬಾಪೂಜಿನಗರದಲ್ಲಿದ್ದ. ನನ್ನ ಮಗಳಿಗೆ ಒತ್ತಕ್ಷರ ಕಲಿಸಿದವರು ಅವರೇ. ಅವರ ಮನೆಗೆ ಸಂಪು ಇರಲಿಲ್ಲ, ನೆಲಮಟ್ಟದ ಒಂದು ನಲ್ಲಿ, ಅದರ ಕೆಳಗೊಂದು ಸಿಮೆಂಟಿನ ತೊಟ್ಟಿ. ಗೇಟಿನ ಹೊರಗೆ ಬೇವಿನ ಮರದ ಕೆಳಗೆ ದಾರಿಹೋಕರಿಗೆಂದು ಒಂದು ಮಡಕೆ ನೀರು ಇಡುತ್ತಿದ್ದರು, ಲೋಟಕ್ಕೊಂದು ಸರಪಳಿ. ಬಸ್ಸು ಮೇಲಿನ ರಸ್ತೆಯಲ್ಲಿ ನಿಲ್ಲುತ್ತಿತ್ತು. ಆಫೀಸಿನಿಂದ ಬರುವಾಗ ನಾನು ದಿನಾ ಸಂಜೆ ಆ ಮಡಕೆಯಿಂದ ಎರಡು ಲೋಟ ನೀರು ಕುಡಿದು ಇಳಿಜಾರಿನಲ್ಲಿ ಮನೆಗೆ ಬರುತ್ತಿದ್ದೆ. ಮೋಟರು ಕೂರಿಸಿದ ಮೇಲೂ ಕುಡಿದೆ. ಇದನ್ನು ಬರೆಯುವಾಗ ಮುಖ ಬಿಸಿಯಾಗುತ್ತದೆ, ಆದರೂ ಕುಡಿದದ್ದು ನಿಜ.

ಟೀಚರ್ ಒಂದು ಬೆಳಗ್ಗೆ ನಮ್ಮ ಮನೆಗೆ ಬಂದರು. ನಲ್ಲಿಯಲ್ಲಿ ನೀರು ಸಣ್ಣಗಾಗಿದೆ, ನಿಮಗೂ ಹಾಗೇ ಏನು ಎಂದು ಕೇಳಿದರು. ಅಪ್ಪ ಹೌದಮ್ಮ, ಏನೂ ಬರೋದಿಲ್ಲ ಎಂದು ತಲೆ ಆಡಿಸಿದರು. ಆಗಷ್ಟೇ ತುಂಬಿ ಉಕ್ಕಿದ ಸಂಪಿನ ನೀರು ಅಂಗಳದಲ್ಲಿ ಹರಿಯುತ್ತಿತ್ತು, ಗಿರಿಜ ಅದರ ಮೇಲೆ ಗೋಣಿ ಹಾಸಿ ನಿಂತಿದ್ದಳು. ಟೀಚರ್ ಅದನ್ನು ನೋಡಲಿಲ್ಲ. ಅವರಿಗೆ ಬೇರೆಯೇ ಒಂದು ಕುತೂಹಲ. ಈ ರಸ್ತೆಯ ಭಕ್ತಿ ನೋಡಿ ತಮಗೆ ತುಂಬ ಸಂತೋಷವಾಗಿದೆ, ಆದರೆ ದಿನ ಬಿಟ್ಟು ದಿನ ಯಾಕೆ, ದಿನಾ ಯಾಕಿಲ್ಲ ಎಂದು ಕೇಳಿದರು. ಅಪ್ಪ ಕಣ್ಣು ಮಿಟುಕಿಸದೆ, ಅದೊಂದು ವ್ರತ ಎಂದರು. ದಿನ ಬಿಟ್ಟು ದಿನದ ವ್ರತ, ಬಹಳ ಕಠಿಣ ಎಂದೂ ಸೇರಿಸಿದರು.

ಟೀಚರ್ ಅದನ್ನು ನಂಬಿದರು. ನಂಬಿ ಸುಮ್ಮನಾಗಿದ್ದರೆ ನನ್ನ ಪಾಡು ಇಷ್ಟಾಗುತ್ತಿರಲಿಲ್ಲ. ನೆರೆಹೊರೆಯವರೆಲ್ಲ ಇಷ್ಟು ಶ್ರದ್ಧೆಯಿಂದ ಪ್ರಾರ್ಥಿಸುವಾಗ ತಾನೊಬ್ಬಳು ಮಲಗಿರುವುದು ಸರಿಯಲ್ಲ ಎಂದು ಅವರೂ ನೀರಿನ ದಿನ ಆರಕ್ಕೆ ಎದ್ದು, ತೊಟ್ಟಿಯ ಪಕ್ಕ ಮಣೆ ಹಾಕಿ ಕೂತು, ತಮ್ಮ ಚರ್ಚಿನ ಹಾಡುಗಳನ್ನು ಹೇಳತೊಡಗಿದರು. ಕೆಳಗೆ ಒಂಬತ್ತು ಟೇಪ್‌ರೆಕಾರ್ಡರು, ಮೇಲೆ ಒಂದು ಒಣಗಿದ ಗಂಟಲು, ಅದರ ಪಕ್ಕದಲ್ಲಿ ಗೊರಗೊರ ಎಂದು ಗಾಳಿ ಬಿಡುವ ನಲ್ಲಿ. ಜೂನ್ ಹೊತ್ತಿಗೆ ಅವರಿಗೆ ಒಂದು ಬಿಂದಿಗೆಯೂ ತುಂಬುತ್ತಿರಲಿಲ್ಲ. ಅರವತ್ತು ದಾಟಿದ ಹೆಂಗಸು ಕೆಳಗಿನ ಮುಖ್ಯರಸ್ತೆಯ ಕೈಪಂಪಿನಿಂದ ಕೊಡ ಹೊತ್ತು ಏರು ಹತ್ತುತ್ತಿದ್ದರು. ಮರದ ಕೆಳಗಿನ ಮಡಕೆ ಮಾತ್ರ ಒಂದು ದಿನವೂ ಖಾಲಿ ಇರಲಿಲ್ಲ.

ಕೊನೆಗೆ ಅವರು ನೀರಿನ ಕಚೇರಿಗೆ ಅರ್ಜಿ ಬರೆದರು. ತಪಾಸಣೆಗೆ ಬರುತ್ತಾರೆ ಎಂಬ ಸುದ್ದಿಯನ್ನು ಹಿಂದಿನ ದಿನವೇ ಈರಣ್ಣ ತಂದು ಮುಟ್ಟಿಸಿದ. ನಾವು ಮೋಟರು ಬಿಚ್ಚಿ ಮಂಚದ ಕೆಳಗೆ ಇಟ್ಟೆವು. ಮಾರನೆಯ ಬೆಳಗ್ಗೆ ಎಂಜಿನಿಯರ್ ಬಂದು ನಿಂತಾಗ ಟೀಚರ ನಲ್ಲಿಯಲ್ಲಿ ನೀರು ಧೋ ಎಂದು ಬಿತ್ತು. ತೊಟ್ಟಿ ತುಂಬಿ ಚೆಲ್ಲಿತು. ತೊಂದರೆ ಏನೂ ಇಲ್ಲವಲ್ಲಮ್ಮ ಎಂದು ಅವರು ಹೊರಟುಹೋದರು. ಟೀಚರ್ ಕಣ್ಣಲ್ಲಿ ನೀರು ತುಂಬಿಕೊಂಡು ರಸ್ತೆಗೆಲ್ಲ ಬಾಳೆಹಣ್ಣು ಹಂಚಿದರು. ಪ್ರಾರ್ಥನೆ ಮುಟ್ಟಬೇಕಾದ ಕಡೆ ಮುಟ್ಟಿತು ಎಂದರು. ನಾವು ಒಂದು ಮೋಟರು ಬಿಚ್ಚಿದ್ದಕ್ಕೆ ಅಷ್ಟು ನೀರು ಹೋಯಿತೆಂದರೆ ಅವರ ನಲ್ಲಿ ಒಣಗಿದ್ದು ನಮ್ಮಿಂದಲೇ, ನಮ್ಮೊಬ್ಬರಿಂದಲೇ ಎಂದು ನನಗೆ ಅಂದು ಖಾತ್ರಿಯಾಯಿತು. ಮುಂದಿನ ನೀರಿನ ದಿನ ಅಪ್ಪ ಮೋಟರನ್ನು ಮತ್ತೆ ಜೋಡಿಸುವಾಗ ಸ್ಪ್ಯಾನರ್ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದವನೂ ನಾನೇ.

ನಲ್ಲಿ ಮತ್ತೆ ಒಣಗಿತು. ಟೀಚರ್ ಈ ಸಲ ಕಚೇರಿಗೆ ಹೋಗಲಿಲ್ಲ. ತನ್ನ ಪ್ರಾರ್ಥನೆಯಲ್ಲೇ ಏನೋ ಕೊರತೆಯಾಗಿದೆ, ಬಂದ ವರವನ್ನು ತಾನೇ ಕಳೆದುಕೊಂಡೆ ಎಂದು ವಾರಕ್ಕೆ ಎರಡು ದಿನ ಉಪವಾಸ ಹಿಡಿದರು. ಈ ವಿಷಯ ತಂದವಳು ಗಿರಿಜ. ಊಟಕ್ಕೆ ಬಡಿಸುತ್ತಾ, ಟೀಚರ್ ಮನೆ ಬಿಟ್ಟು ತಮ್ಮನ ಮನೆಗೆ ಹೋಗುತ್ತಾರಂತೆ, ಇಲ್ಲಿ ಇನ್ನು ಆಗುವುದಿಲ್ಲವಂತೆ ಎಂದಳು. ಆಮೇಲೆ ನನ್ನ ತಟ್ಟೆಗೆ ಸಾರು ಹಾಕುವುದನ್ನು ಮರೆತು ಹೋದಳು. ಮರೆತದ್ದಲ್ಲ ಎಂದು ನನಗೆ ಗೊತ್ತಿತ್ತು, ಬರೀ ಅನ್ನವನ್ನೇ ತಿಂದು ಎದ್ದೆ.

ಹೋಗುವ ಮೊದಲು ಒಂದು ಸಲ ರಸ್ತೆಯವರೆಲ್ಲ ಸೇರಿ ಇದನ್ನು ಮಾತಾಡೋಣ ಎಂದು ಟೀಚರ್ ಕೇಳಿಕೊಂಡರು. ಒಂದು ಭಾನುವಾರ ಸಂಜೆ ನಾಲ್ಕಕ್ಕೆ ಅವರ ಮನೆಯ ಜಗಲಿಯಲ್ಲಿ ಸಭೆ. ಒಂಬತ್ತು ಮನೆಯವರೂ ಬಂದಿದ್ದರು. ಟೀಚರ್ ಟೀ ಕೊಟ್ಟರು, ಅದಕ್ಕೆ ನೀರು ಎಲ್ಲಿಂದ ತಂದಿರಬಹುದೆಂದು ಯೋಚಿಸಿ ನಾನು ಲೋಟವನ್ನು ಕೆಳಗಿಟ್ಟೆ. ಮೊದಲು ನಂಜುಂಡಪ್ಪನವರು ಎದ್ದು, ಯಾರೋ ಕಿಡಿಗೇಡಿ ಕೊಳವೆಗೆ ಮೋಟರು ಹಾಕಿರಬಹುದು, ಅಂಥವನನ್ನು ಸುಮ್ಮನೆ ಬಿಡಬಾರದು ಎಂದು ಗುಡುಗಿದರು. ಎಲ್ಲರೂ ತಲೆದೂಗಿದರು. ಎಲ್ಲರಿಗಿಂತ ಜೋರಾಗಿ ತಲೆದೂಗಿದವರು ನನ್ನ ಅಪ್ಪ.

ಆಗ ಟೀಚರ್ ಬೈಬಲ್ ತೆರೆದು ಮಡಿಲಲ್ಲಿಟ್ಟುಕೊಂಡರು. ಓದಲಿಲ್ಲ, ಶಾಲೆಯಲ್ಲಿ ಕತೆ ಹೇಳುವ ಹಾಗೆ ಹೇಳಿದರು. ಬಹಳ ಹಿಂದೆ ಒಂದು ಜನ ಹೊಸ ನಾಡಿಗೆ ಕಾಲಿಟ್ಟ ಮೇಲೆ ಎದುರುಬದುರು ಎರಡು ಬೆಟ್ಟಗಳಲ್ಲಿ ನಿಲ್ಲಬೇಕಿತ್ತಂತೆ. ಪುರೋಹಿತರು ಗಟ್ಟಿಯಾಗಿ ಒಂದೊಂದೇ ಶಾಪ ಹೇಳಬೇಕು. ನೆರೆಯವನ ಗಡಿಕಲ್ಲು ಸರಿಸಿದವನಿಗೆ, ಕುರುಡನಿಗೆ ದಾರಿ ತಪ್ಪಿಸಿದವನಿಗೆ, ನೆರೆಯವನನ್ನು ಯಾರಿಗೂ ಕಾಣದ ಹಾಗೆ ಹೊಡೆದವನಿಗೆ. ಪ್ರತಿಯೊಂದಕ್ಕೂ ಜನರೆಲ್ಲ ಒಂದೇ ದನಿಯಲ್ಲಿ ಆಮೆನ್ ಎನ್ನಬೇಕು. ಅಂದರೆ ಹಾಗೇ ಆಗಲಿ ಎಂದರ್ಥ. ಮಾಡಿದವನೂ ಆ ಗುಂಪಿನಲ್ಲೇ ನಿಂತಿರುತ್ತಾನೆ, ಅವನೂ ಅನ್ನಬೇಕು. ಟೀಚರ್ ಹೇಳಿದ ಮಾತು ಹೀಗಿತ್ತು: "ಕಾಣೋ ಹಾಗೆ ಹೊಡೆದ್ರೆ ಪೊಲೀಸ್ ಇದಾರೆ, ಕೋರ್ಟ್ ಇದೆ. ಕಾಣದ ಹಾಗೆ ಮಾಡಿದ್ದಕ್ಕೆ ಯಾರೂ ಇಲ್ಲ. ಅದಕ್ಕೇ ಅವನ ಬಾಯಿಂದಲೇ ಹೇಳಿಸೋದು." ಯಾರ ಮೇಲೂ ನನಗೆ ಅನುಮಾನವಿಲ್ಲ, ಆದರೂ ಎಲ್ಲರೂ ಒಂದು ಸಲ ಹೇಳಿಬಿಡೋಣ, ಮನಸ್ಸು ಹಗುರ ಆಗುತ್ತೆ ಎಂದರು.

ಜನ ಒಪ್ಪಿದರು. ಆಮೆನ್ ಎಂದು ಹೇಳುವುದರಿಂದ ಹಿಂದೂಗಳಾದ ನಮಗೇನೂ ತಟ್ಟುವುದಿಲ್ಲ ಎಂದು ನನ್ನ ಅಪ್ಪ ಪಕ್ಕದವರ ಕಿವಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು. ಗಡಿಕಲ್ಲಿನ ಶಾಪ ಬಂದಾಗ ಕಾಂಪೌಂಡ್ ಗೋಡೆಯನ್ನು ಅರ್ಧ ಅಡಿ ಆಚೆಗೆ ಕಟ್ಟಿದ್ದ ಇಬ್ಬರು ಮಾತ್ರ ಕೆಮ್ಮಿದರು. ಕುರುಡನ ಶಾಪಕ್ಕೆ ಯಾರದೂ ತಕರಾರಿರಲಿಲ್ಲ, ಎಲ್ಲರೂ ಸಂತೋಷವಾಗಿ ಹೇಳಿದರು. ಮೂರನೆಯದಕ್ಕೆ ದನಿ ಎಷ್ಟು ದೊಡ್ಡದಾಯಿತೆಂದರೆ ಬೇವಿನ ಮರದ ಕಾಗೆಗಳು ಎದ್ದುಹೋದವು. ಮುಷ್ಟಿ ಎತ್ತಿ ಹೇಳಿದ ನಂಜುಂಡಪ್ಪನವರ ಕತ್ತಿನ ನರ ಉಬ್ಬಿತ್ತು. ನಾನು ಬಾಯಿ ಅಲ್ಲಾಡಿಸಿದೆ, ದನಿ ಬರಲಿಲ್ಲ.

ಆಗ, ಜಗಲಿಯ ಪಕ್ಕದ ನಲ್ಲಿ ಗೊರ್ ಎಂದು ಕೆಮ್ಮಿತು.

ಅಂದು ನೀರಿನ ದಿನವಲ್ಲ. ನೀರಿನ ಹೊತ್ತೂ ಅಲ್ಲ. ಆದರೆ ಯಾವ ಕಾರಣಕ್ಕೋ ಬಿಟ್ಟಿದ್ದರು. ಮೊದಲು ಎದ್ದವರು ನಂಜುಂಡಪ್ಪ, ಒಲೆ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದರು. ಇನ್ನೊಬ್ಬರಿಗೆ ಅತ್ತೆಗೆ ಮಾತ್ರೆ ಕೊಡಬೇಕಿತ್ತು. ಮತ್ತೊಬ್ಬರು ಕಾರಣವನ್ನೂ ಹೇಳದೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಓಡಿದರು. ನನ್ನ ಅಪ್ಪ, ಮಂಡಿನೋವಿಗೆ ಆರು ತಿಂಗಳಿಂದ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದವರು, "ನಾಯಿಗೆ ಅನ್ನ ಹಾಕ್ಬೇಕು ಕಣೋ" ಎಂದು ಇಳಿಜಾರಿನಲ್ಲಿ ಎಲ್ಲರನ್ನೂ ಹಿಂದೆ ಹಾಕಿದರು. ಎರಡು ನಿಮಿಷ ಕಳೆದಿರಲಿಲ್ಲ, ಸಂಜೆಯ ಬಿಸಿಲಿನಲ್ಲಿ ಒಂದು ಮನೆಯಿಂದ ಗಣಪತಿ, ಒಂದು ಮನೆಯಿಂದ ರಾಘವೇಂದ್ರ, ಒಂದು ಮನೆಯಿಂದ ಚಾಮುಂಡಿ, ಹೀಗೆ ಒಂಬತ್ತು ಟೇಪ್‌ರೆಕಾರ್ಡರುಗಳೂ ಒಟ್ಟಿಗೆ ಮೊಳಗಿದವು. ನಂಜುಂಡಪ್ಪನವರು ಗಾಬರಿಯಲ್ಲಿ ಭಜನೆಯ ಬದಲು ಮಕ್ಕಳ ಮಗ್ಗಿಯ ಕ್ಯಾಸೆಟ್ ಹಾಕಿಬಿಟ್ಟಿದ್ದರು. ಟೀಚರ ನಲ್ಲಿ ನಾಲ್ಕು ಹನಿ ಉದುರಿಸಿ ಸುಮ್ಮನಾಯಿತು.

ಖಾಲಿ ಕುರ್ಚಿಗಳ ನಡುವೆ ಉಳಿದವರು ಟೀಚರ್ ಮತ್ತು ನಾನು. ನಾನು ಒಳ್ಳೆಯವನೆಂದು ಉಳಿದದ್ದಲ್ಲ. ಒಂದೊಂದು ಹಾಡಿಗೂ ಒಂದೊಂದು ಮೋಟರು ಎಂದು ಒಂಬತ್ತೂ ಮನೆಯನ್ನು ನಾನು ಕಿವಿಯಲ್ಲಿ ಎಣಿಸುತ್ತಿದ್ದೆ. ನಿಮಗೆ ಹೇಳಲು ನಾಚಿಕೆಯಾಗುತ್ತದೆ, ನನಗೆ ಆಗ ಮೊದಲು ಆದದ್ದು ಸಮಾಧಾನ. ಇಷ್ಟು ದಿನ ಒಬ್ಬನೇ ಹೊತ್ತಿದ್ದ ಪಾಪಕ್ಕೆ ಎಂಟು ಜನ ಪಾಲುದಾರರು ಸಿಕ್ಕಿದ್ದರು. ಟೀಚರ್ ರಸ್ತೆಯನ್ನೂ ನಲ್ಲಿಯನ್ನೂ ನೋಡಿ, ಆಮೇಲೆ ನನ್ನನ್ನು ನೋಡಿ ಕೇಳಿದರು.

"ಇವತ್ತೂ ವ್ರತಾನಾಪ್ಪಾ?"

"ಅಲ್ಲ ಟೀಚರ್. ಮೋಟರ್."

ನನ್ನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ. ನಮ್ಮ ಮನೆಯಲ್ಲೂ ಇದೆ, ನಾಯಿಗೂಡಿನಲ್ಲಿ, ಫೆಬ್ರವರಿಯಿಂದ ಎಂದು ಹೇಳಿದೆ. ಅವರು ಬಯ್ಯಬಹುದು, ಅಳಬಹುದು ಎಂದುಕೊಂಡಿದ್ದೆ. ಅವರ ಮುಖ ಅರಳಿತು. ಪರೀಕ್ಷೆಯಲ್ಲಿ ತಾನು ಫೇಲಾಗಿಲ್ಲ ಎಂದು ಗೊತ್ತಾದ ಮಗುವಿನ ಮುಖ ಅದು. "ಹಂಗಾದ್ರೆ ನನ್ನ ಪ್ರಾರ್ಥನೇಲಿ ಏನೂ ಕೊರತೆ ಇರ್ಲಿಲ್ಲ ಅಲ್ವಾ?" ಎಂದರು. ತನ್ನಲ್ಲೇ ಏನು ತಪ್ಪಿದೆಯೆಂದು ಇಷ್ಟು ತಿಂಗಳು ಹುಡುಕಿಕೊಂಡೆ, ಸತ್ತ ತಾಯಿಯ ಜೊತೆ ಜಗಳ ಆಡಿದ್ದು, ಒಂದು ಹುಡುಗಿಗೆ ಅನ್ಯಾಯವಾಗಿ ಬೆತ್ತದಿಂದ ಹೊಡೆದದ್ದು, ಎಲ್ಲವನ್ನೂ ಹುಡುಕಿ ಹುಡುಕಿ ಕ್ಷಮೆ ಕೇಳಿದೆ ಎಂದರು. ನೀರನ್ನು ಮಾತ್ರ ಕದ್ದೆವು ಎಂದು ಅಲ್ಲಿಯವರೆಗೆ ನಾನು ತಿಳಿದಿದ್ದೆ.

ಆಮೇಲೆ ಅವರು ಹೇಳಿದರು: "ನೀನು ಹೇಳಿದ್ದು ಒಳ್ಳೇದಾಯ್ತು. ಆದ್ರೆ ನನ್ನೊಬ್ಬಳ ಹತ್ರ, ಮೆಲ್ಲಗೆ ಹೇಳ್ದೆ. ಮುಂದಿನ ಭಾನುವಾರ ಎಲ್ಲರ ಮುಂದೆ ಗಟ್ಟಿಯಾಗಿ ಹೇಳಪ್ಪಾ. ಒಬ್ಬ ಹೇಳಿದ್ರೆ ಮಿಕ್ಕವರೂ ಹೇಳ್ತಾರೆ. ನಾನೇ ಹೇಳಿದ್ರೆ ಅದು ಚಾಡಿ ಆಗುತ್ತೆ." ನಾನು ಹೂಂ ಎಂದೆ.

ಮುಂದಿನ ಭಾನುವಾರ ನಾನು ಕೆಂಗೇರಿಯಲ್ಲಿ ಅತ್ತೆಯ ಮನೆಯಲ್ಲಿದ್ದೆ. ಮದುವೆಯಾದ ಮೇಲೆ ಕರೆಯದೆ ಅಲ್ಲಿಗೆ ಹೋದದ್ದು ಅದೇ ಮೊದಲು, ಅತ್ತೆ ಗಾಬರಿಯಾಗಿ ಗಿರಿಜಳಿಗೆ ಫೋನ್ ಮಾಡಿದರು. ಅದರ ಮುಂದಿನ ಭಾನುವಾರ ಜ್ವರ ಎಂದು ಮಲಗಿದೆ. ಟೀಚರ್ ಎರಡು ಭಾನುವಾರವೂ ಜಗಲಿಯಲ್ಲಿ ಕುರ್ಚಿಗಳನ್ನು ಹಾಕಿ ಕಾದರಂತೆ. ಯಾರ ಹೆಸರನ್ನೂ ಎತ್ತಲಿಲ್ಲವಂತೆ. ನಾನು ಮನಸ್ಸಾಕ್ಷಿಯ ಕಾಟಕ್ಕೆ ಬೇರೊಂದು ಉಪಾಯ ಹೂಡಿದೆ. ಬೆಳಗ್ಗೆ ಹಾಲಿಗೆ ಹೋಗುವ ನೆಪದಲ್ಲಿ ಎರಡು ಕೊಡ ನೀರನ್ನು ಅವರ ಗೇಟಿನ ಒಳಗಿಟ್ಟು ಯಾರಿಗೂ ಕಾಣದ ಹಾಗೆ ಓಡಿಬರುತ್ತಿದ್ದೆ. ಅವರದೇ ನೀರನ್ನು ಅವರಿಗೆ ದಾನ ಮಾಡುತ್ತಿದ್ದೆ. ಕೊಡಗಳು ಮಾರನೆಯ ದಿನ ತೊಳೆದು ಬೋರಲು ಹಾಕಿ ಅಲ್ಲೇ ಇರುತ್ತಿದ್ದವು. ಒಂದು ಬೆಳಗ್ಗೆ ಅಪ್ಪ ನೋಡಿಬಿಟ್ಟರು, ಯಾಕೆಂದು ಕೇಳಲಿಲ್ಲ. ಕೊಡ ತುಳುಕದ ಹಾಗೆ ಹಿಡಿಯುವುದು ಹೇಗೆಂದು ಮಾತ್ರ ತೋರಿಸಿಕೊಟ್ಟರು.

ಆಗಸ್ಟ್‌ನಲ್ಲಿ ಟೀಚರ್ ಹೊರಟರು. ರಸ್ತೆಯವರು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಬೀಳ್ಕೊಡುಗೆ ಮಾಡಿದರು. ಇವರ ನೆರೆಯಿಂದಾಗಿ ತನ್ನಂಥ ನಾಸ್ತಿಕನಲ್ಲೂ ಭಕ್ತಿ ಹುಟ್ಟಿತು ಎಂದು ನಂಜುಂಡಪ್ಪನವರು ಗದ್ಗದರಾಗಿ ಭಾಷಣ ಮಾಡಿದರು. ನಾನು ಟೀಚರ ಟ್ರಂಕನ್ನು ಟೆಂಪೋಗೆ ಏರಿಸಿದೆ. ಅವರು ಹತ್ತುವಾಗ ನನ್ನ ಕೈ ಹಿಡಿದು, "ನೀರಿನ ಚಿಂತೆ ಬಿಡು, ಅಲ್ಲಿ ಬೋರ್‌ವೆಲ್ ಇದೆ. ಅದನ್ನ ಮಾತ್ರ ಒಂದಿನ ಗಟ್ಟಿಯಾಗಿ ಹೇಳಿಬಿಡಪ್ಪಾ. ಯಾರ ಹತ್ರ ಆದ್ರೂ ಪರ್ವಾಗಿಲ್ಲ" ಎಂದರು.

ಎರಡು ವರ್ಷ ಕಳೆದು ರಸ್ತೆ ಅಗೆದು ದೊಡ್ಡ ಕೊಳವೆ ಹಾಕಿದರು. ನೀರು ತಾನೇ ಮಹಡಿಗೆ ಏರತೊಡಗಿತು, ಮೋಟರುಗಳಿಗೆ ಕೆಲಸ ಇಲ್ಲದಾಯಿತು, ರಸ್ತೆ ರಾತ್ರೋರಾತ್ರಿ ನಾಸ್ತಿಕವಾಯಿತು. ಅಪ್ಪ ಮೋಟರು ಬಿಚ್ಚಿದ ಮರುದಿನವೇ ಒಂದು ಬೀದಿನಾಯಿ ಬಂದು ಗೂಡಿನಲ್ಲಿ ಮಲಗಿತು. ಅಷ್ಟು ವರ್ಷ ಸುಳ್ಳು ಹೇಳಿದ್ದ ಬೋರ್ಡು ಆವತ್ತಿನಿಂದ ಸತ್ಯವಾಯಿತು. ಟೀಚರ ಮನೆಯನ್ನು ಅವರ ತಮ್ಮ ಮಾರಿದ, ಕೊಂಡವರು ಅಲ್ಲಿ ಮೂರು ಮಹಡಿ ಎಬ್ಬಿಸಿ ಬಾಡಿಗೆಗೆ ಕೊಟ್ಟರು. ನಾನು ಪ್ರತಿ ಕ್ರಿಸ್‌ಮಸ್ಸಿಗೆ ಬಾಪೂಜಿನಗರಕ್ಕೆ ಹೋಗಿ ಬರುತ್ತಿದ್ದೆ. ಅವರು ಕೇಕು ಕೊಟ್ಟು ಮಗಳ ಓದಿನ ಬಗ್ಗೆ ಕೇಳುತ್ತಿದ್ದರು, ಬೇರೇನೂ ಕೇಳುತ್ತಿರಲಿಲ್ಲ. ಅವರು ತೀರಿಕೊಂಡಾಗ ಚರ್ಚಿನಲ್ಲಿ ಯಾರಾದರೂ ನಾಲ್ಕು ಮಾತು ಹೇಳುತ್ತೀರಾ ಎಂದು ಪಾದ್ರಿಗಳು ಕೇಳಿದರು. ಎದ್ದು ಹೋದೆ. ಮೈಕು ಇತ್ತು, ಜನ ಇದ್ದರು. ನನ್ನ ಮಗಳಿಗೆ ಒತ್ತಕ್ಷರ ಕಲಿಸಿದರು ಎಂದು ಹೇಳಿ ಬಂದು ಕೂತೆ.

ಇಲ್ಲಿಯವರೆಗೆ ಬರೆದು ನಿನ್ನೆ ಬೆಳಗ್ಗೆ ಪೆನ್ನು ಕೆಳಗಿಟ್ಟು ಹೊರಗೆ ಬಂದೆ. ಎದುರು ಮನೆಯ ಗೇಟಿನಲ್ಲಿ ನಂಜುಂಡಪ್ಪನವರು ಬಿಸಿಲು ಕಾಯಿಸುತ್ತಾ ಕೂತಿದ್ದರು. ಈಗ ಎಂಬತ್ತು ದಾಟಿದೆ. ಕಿವಿ ಕೇಳುವುದಿಲ್ಲ, ಕಿವಿಯ ಯಂತ್ರವನ್ನು ಬ್ಯಾಟರಿ ಸವೆಯಬಾರದೆಂದು ಜೇಬಿನಲ್ಲಿ ಇಟ್ಟುಕೊಂಡಿರುತ್ತಾರೆ. ರಸ್ತೆ ದಾಟಿ 'ಮೇಷ್ಟ್ರೇ, ನಮ್ಮನೇಲಿ ಮೋಟರ್ ಇತ್ತು' ಎಂದೆ. ಅವರು ಆಂ ಎಂದರು. ಇನ್ನೊಂದು ಸಲ ಹೇಳಿದೆ. ತಿಂಡಿ ಆಯಿತು ಎಂದರು. ಮೂರನೆಯ ಸಲ ನಾನು ಕಿರುಚಬೇಕಾಯಿತು.

"ನಮ್ಮನೇಲಿ ಕಳ್ಳ ಮೋಟರ್ ಇತ್ತು. ಟೀಚರ್ ನೀರು ಕದ್ದಿದ್ದು ನಾವು."

ಮೂರನೆಯ ಮನೆಯ ಕಿಟಕಿ ತೆರೆಯಿತು. ತರಕಾರಿ ಗಾಡಿಯವನು ತಕ್ಕಡಿ ಹಿಡಿದು ನಿಂತ. ನಂಜುಂಡಪ್ಪನವರಿಗೆ ಈ ಸಲ ಕೇಳಿಸಿತು. ಅವರು ತಮ್ಮ ತುಳಸಿಕಟ್ಟೆಯ ಕಡೆ ಒಮ್ಮೆ ನೋಡಿ, ಕೈ ಅಲ್ಲಾಡಿಸಿ, "ಮೆಲ್ಲಗೆ ಮಾತಾಡಯ್ಯ, ಯಾರಾದ್ರೂ ಕೇಳಿಸ್ಕೊಂಡಾರು" ಎಂದರು.

ಕೇಳಿಸಿಕೊಂಡಿದ್ದರು. ಮೇಲಿನ ಮನೆಯಲ್ಲಿ ಬಾಡಿಗೆಗಿರುವ ನರ್ಸ್, ಕೊಪ್ಪಳದ ಕಡೆಯ ಹೆಣ್ಣುಮಗಳು, ಡ್ಯೂಟಿಗೆ ಹೊರಟವಳು ಸ್ಕೂಟಿ ನಿಲ್ಲಿಸಿ, "ಯಾವ ಟೀಚರ್ ರೀ ಅಂಕಲ್?" ಎಂದು ಕೇಳಿದಳು.

ಈ ರಸ್ತೆಯಲ್ಲಿ ಆ ಹೆಸರು ಗೊತ್ತಿರುವುದು ಈಗ ನಮ್ಮ ಎರಡು ಮನೆಗೆ ಮಾತ್ರ ಎಂದು ನನಗೆ ಆಗ ಹೊಳೆಯಿತು. ನಂಜುಂಡಪ್ಪನವರು ಬೇಡ ಎಂದು ತಲೆಯಾಡಿಸಿದರು. ಅವಳು ನನ್ನಿಂದ ಮೂರು ಹೆಜ್ಜೆ ದೂರದಲ್ಲಿದ್ದಳು, ಕಿವಿ ಚೆನ್ನಾಗಿತ್ತು, ಕೂಗುವ ಅಗತ್ಯವೇ ಇರಲಿಲ್ಲ. ಆದರೂ ರಸ್ತೆಯ ಎರಡೂ ತುದಿಗೆ ಕೇಳುವ ಹಾಗೆ ಕೂಗಿ ಹೇಳಿದೆ.

"ದಯಾಮಣಿ ಟೀಚರ್. ನೀವಿರೋ ಜಾಗ ಅವರದು. ನೀರಿಲ್ಲದೆ ಬಿಟ್ಟು ಹೋದ್ರು. ಬಿಡಿಸಿದ್ದು ನಾವು."